ಹೀರಾಬಾಯಿಯ ಕನ್ನಡ

॥ ಶ್ರೀ ॥

ಸೇಡಂ
೮-೨-೨೦೦೪, ರವಿವಾರ

ಸೌಭಾಗ್ಯವತಿ ತಂಗಿ ಶ್ರೀವಾಣಿಗೆ,

ನಿನಗೂ ನಿನ್ನ ಯಜಮಾನರಿಗೂ, ಹೊಸದಾಗಿ ಗಂಡನ ಮನೆ ಸೇರಿದ ನಮ್ಮ ಪ್ರಮಿತಾಗೂ ಈ ಅಕ್ಕನ ತುಂಬು ಹರಕೆಗಳು. ರಾಯರ ದಯೆಯಿಂದ ನೀವೆಲ್ಲ ಸುಖವಾಗಿದ್ದೀರೆಂದು ನಂಬಿದ್ದೇನೆ. ನನ್ನ ಮೈಯಂತೂ ನೆಟ್ಟಗಿದೆ.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಮದುವೆಗೂ ಬರಲಿಲ್ಲ, ಕಾಗದಕ್ಕೆ ಉತ್ತರವನ್ನೂ ಬರೆಯಲಿಲ್ಲ ಎಂದು ನಿನ್ನ ಸಿಟ್ಟು ಇಮ್ಮಡಿಯಾಗಿರಬೇಕು. ಬರೆಯಲು ಕೂತಾಗಲೆಲ್ಲ ನಿನ್ನ ಹೆಸರು ಬರೆದು ಎದ್ದುಬಿಡುತ್ತಿದ್ದೆ. ಇವತ್ತು ಶಾಲೆಗೆ ಸೂಟಿ. ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಮುಗಿಸಿಯೇ ಏಳುತ್ತೇನೆ.

"ಅವ್ವ ಇಲ್ಲದ ಮನೀಗೆ ನಾನೇ ಅವ್ವ ಅಂತಿದ್ದಿ. ನನ್ನ ಮಗಳ ತಲೀಮ್ಯಾಲೆ ನಾಲ್ಕು ಅಕ್ಷತಿ ಹಾಕ್ಲಿಕ್ಕೆ ನಿನಗ ಪುರಸತ್ತು ಸಿಗಲಿಲ್ಲ. ಯಾವಾಕಿನೋ ಲಂಬಾಣಿ ಟೀಚರು ನಮ್ಮೆಲ್ಲಾರಕಿಂತ ಹೆಚ್ಚಾದ್ಲೇನು?" ಎಂದು ಬರೆದಿದ್ದೀ. ಓದಿ ನಿನ್ನ ಮೇಲೆ ಸಿಟ್ಟು ಬರಲಿಲ್ಲ ಶ್ರೀವಾಣಿ. ಅವಳು ಯಾರೆಂದು ನಿನಗೆ ನಾನು ಯಾವತ್ತೂ ಹೇಳಿರಲೇ ಇಲ್ಲ. ನೀನು ಅವಳನ್ನು ನೋಡಿದ್ದು ಒಂದೇ ಸಲ, ನಿನ್ನ ಭಾವ ತೀರಿಕೊಂಡಾಗ. ನನ್ನ ಕೊರಳಿಗೆ ಬಿದ್ದು ರಾಗ ಮಾಡಿ ಅತ್ತವಳನ್ನು ಕಂಡು, "ಯಾರಕ್ಕಾ ಈಕಿ, ನಾಟಕ ಮಾಡ್ಲಿಕತ್ತಾಳ" ಎಂದು ನೀನು ನನ್ನ ಕಿವಿಯಲ್ಲಿ ಅಂದಿದ್ದಿ.

ಅವಳೇ ಹೀರಾಬಾಯಿ. ಈಗ ಇಲ್ಲ. ಸಂಕ್ರಾಂತಿಗೆ ಎರಡು ದಿನ ಇದೆ ಎನ್ನುವಾಗ ಹೋದಳು.

ನಾನು ಚಿಂಚೋಳಿಯ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿ ಹೋದದ್ದು ೧೯೮೫ರಲ್ಲಿ. ನಿನ್ನ ಭಾವನ ನೌಕರಿ ವಾಡಿಯಲ್ಲಿ, ಸಿಮೆಂಟ್ ಕಾರ್ಖಾನೆಯ ಆಫೀಸಿನಲ್ಲಿ. ಶನಿವಾರ ಬಂದು, ರವಿವಾರವೆಲ್ಲ ಸೈಕಲ್ಲಿಗೆ ಎಣ್ಣೆ ಹಚ್ಚುತ್ತ ಕೂತು, ಸೋಮವಾರ ನಸುಕಿಗೆ ಹೋಗುತ್ತಿದ್ದರು. ನಾನು ಹಿಡಿದ ಬಾಡಿಗೆ ಮನೆಗೆ ಹೊಂದಿಕೊಂಡೇ ಹೀರಾಬಾಯಿಯ ಖೋಲಿ. ಎರಡೂ ಬಾಗಿಲಿನ ಮುಂದೆ ಪರಸಿ ಕಲ್ಲು ಹಾಸಿದ ಒಂದೇ ಉದ್ದನೆಯ ಕಟ್ಟೆ. ಅದೇ ಶಾಲೆಯಲ್ಲಿ ಅವಳೂ ಟೀಚರು. ಚಿಮ್ಮನಚೋಡದ ಹತ್ತಿರದ ಲಂಬಾಣಿ ತಾಂಡಾದವಳು. ಆ ತಾಂಡಾದಲ್ಲಿ ಮೆಟ್ರಿಕ್ ದಾಟಿದ ಮೊದಲನೆಯ ಹುಡುಗಿ. ಗಂಡ ಪುಣೆಗೆ ದುಡಿಯಲು ಹೋದವನು ಅಲ್ಲೇ ಕಟ್ಟಡದ ಮೇಲಿಂದ ಬಿದ್ದು ಸತ್ತಿದ್ದ. ಮಕ್ಕಳಿರಲಿಲ್ಲ. ಆರು ವರ್ಷದವರೆಗೆ ಲಂಬಾಣಿ ಬಿಟ್ಟು ಬೇರೆ ಮಾತು ಕೇಳದ ಹುಡುಗಿ, ಶಾಲೆಯಲ್ಲಿ ಛಡಿ ತಿಂದು ಕನ್ನಡ ಕಲಿತಿದ್ದಳು. ಈಗ ಅವಳು ಪಾಠ ಮಾಡಿದರೆ ಪಕ್ಕದ ವರ್ಗದ ಹುಡುಗಿಯರೂ ಗಪ್ಪಾಗುತ್ತಿದ್ದರು. ನಾವೆಲ್ಲ ಹುಟ್ಟಿನಿಂದ ಕನ್ನಡದವರು. ಆದರೂ ಗಾದೆ, ಒಗಟು, ಒಡಪು ಬೇಕಾದರೆ ಅವಳನ್ನೇ ಕೇಳುತ್ತಿದ್ದೆವು.

ಮೊದಲ ವಾರದ ಮಾತು. ಶಾಲೆ ಬಿಟ್ಟು ಬರುವಾಗ, ಎಲ್ಲರಿಗೂ ಅನ್ನುವಂತೆ ಅವಳಿಗೂ "ಬರ್ರಿ ಟೀಚರ್, ಮನಿಗೆ ಬರ್ರಿ" ಎಂದೆ. ನಮ್ಮಲ್ಲಿ ಅದು ನಮಸ್ಕಾರವಿದ್ದ ಹಾಗೆ. ಅಂದವರೂ ಮರೆಯುತ್ತಾರೆ, ಕೇಳಿದವರೂ ಮರೆಯುತ್ತಾರೆ. ಅವಳು ಮಾತ್ರ ಕೈಕಾಲು ತೊಳೆದುಕೊಂಡು, ಸೀರೆ ಬದಲಿಸಿಕೊಂಡು, ಬಟ್ಟಲಲ್ಲಿ ಶೇಂಗಾ ಹಿಂಡಿ ಹಿಡಿದು ಬಂದೇ ಬಿಟ್ಟಳು. ನಾನು ಒಲೆಯ ಮುಂದಿದ್ದೆ. ಏನು ಮಾಡಬೇಕೋ ತೋಚದೆ ಹೊರಗೆ ಕಟ್ಟೆಯ ಮೇಲೆ ಚಾಪೆ ಹಾಸಿದೆ. ಅವಳು ಕೂತಳು. ನನ್ನನ್ನೂ ಬಾಗಿಲನ್ನೂ ಒಂದೊಂದು ಸಲ ನೋಡಿ, ಸಿಟ್ಟಿಲ್ಲದೆ ಕೇಳಿದಳು: "ಒಂದ್ ಮಾತ್ ಕೇಳ್ತೀನಿ. ನಿಮ್ ಮಂದ್ಯಾಗ ಮನಿಗಿ ಬಾ ಅಂದ್ರ ಕಟ್ಟಿ ತನಾ ಬಾ ಅಂತ ಅರ್ಥ ಏನ್ರಿ?"

ನನಗೆ ನಗು ಬಂತು. ತಡೆಯಲು ಹೋದಷ್ಟೂ ಹೆಚ್ಚಾಯಿತು. ಅವಳೂ ನಕ್ಕಳು. ಆ ದಿನ ಒಳಗೆ ಕರೆಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೆ ಹೆಚ್ಚು ದಿನ ಹಾಗೆ ಇರಲಿಕ್ಕೂ ಆಗಲಿಲ್ಲ.

ನಾನು ಎಲ್ಲಿಗೆ ಹೊರಟರೂ "ಬರತೀನಿ" ಎನ್ನುವವಳು. ಮೊದಮೊದಲು ಅವಳು ಅದನ್ನೂ ಖರೆ ಎಂದು ತಿಳಿದು ಚಹಾ ಇಟ್ಟು ಕಾಯುತ್ತಿದ್ದಳಂತೆ. "ಬರ್ತೀನಿ ಅಂದಾಕಿ ಎಲ್ಲಿಗಿ ಹೋಗಿದ್ರಿ? ಚಾ ಆರಿ ನೀರಾತು" ಎಂದು ಜಗಳಕ್ಕೆ ನಿಂತಿದ್ದಳು. ನಮ್ಮ ಮನೆತನದಲ್ಲಿ ಬೇಡ ಎನ್ನಬೇಕಾದರೆ "ನೋಡೋಣ" ಎನ್ನುತ್ತೇವೆ, ಹಸಿವಾಗಿದ್ದರೆ "ಈಗೇನು ಬ್ಯಾಡ" ಎನ್ನುತ್ತೇವೆ. ಅವಳು ಎಲ್ಲವನ್ನೂ ಅಂದದ್ದು ಅಂದ ಹಾಗೆಯೇ ತೆಗೆದುಕೊಳ್ಳುತ್ತಿದ್ದಳು. ನಾನು ಬೇಡ ಅಂದರೆ ಎರಡನೆಯ ಸಲ ಕೇಳುತ್ತಿರಲಿಲ್ಲ. ಅವಳ ಜೊತೆ ಇರುತ್ತ ಇರುತ್ತ ನಾನು ಬೇಕಾದದ್ದಕ್ಕೆ ಬೇಕು ಅನ್ನಲು ಕಲಿತೆ.

ಒಂದು ಸೋಮವಾರ ನಿನ್ನ ಭಾವ ವಾಡಿಗೆ ಹೋದ ಮೇಲೆ ಅವಳು ಕೇಳಿದಳು: "ಸಾಹೇಬ್ರು ನಿಮ್ ಕೂಡ ಮಾತೇ ಆಡಂಗಿಲ್ಲಲ್ರಿ. ಯಾಕ?"

ಹೆತ್ತ ಅವ್ವ ಕೂಡ ಕೇಳದಿದ್ದ ಮಾತು! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ವಾರವಿಡೀ ಅವಳ ಜೊತೆ ಮಾತು ಬಿಟ್ಟೆ. ಅವಳು ಮಾತ್ರ ಮುಂಜಾನೆ ಚಹಾದ ಕಪ್ಪು ತಂದು ಕಟ್ಟೆಯ ಮೇಲಿಟ್ಟು, "ಮಾತಾಡಬ್ಯಾಡ್ರಿ, ಚಾ ಅಂತೂ ಕುಡೀರಿ" ಎಂದು ಹೋಗುತ್ತಿದ್ದಳು. ಕೊನೆಗೆ ಒಂದು ಮುಂಜಾನೆ ಹೇಳಿದೆ. ಹುಟ್ಟಿ ಹತ್ತು ದಿನಕ್ಕೆ ಕೂಸು ಹೋದದ್ದು, ಆಮೇಲೆ ಅವರು ಮಾತು ಬಿಟ್ಟದ್ದು, ಉಪ್ಪು ಬೇಕಾದರೂ ಬೆರಳು ಮಾಡಿ ತೋರಿಸುವುದು, ಎಲ್ಲ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. "ಕೂಸಿನ ಹೆಸರು ಏನ್ ಇಡಬೇಕಂತಿದ್ದಿ?" ಎಂದು ಕೇಳಿದಳು. ಅಂದಿಗೆ ರೀ ಹೋಗಿ ನೀ ಬಂತು, ಟೀಚರ್ ಹೋಗಿ ಜಾನಕ್ಕ ಬಂತು. ಹೆಸರನ್ನು ಅವಳಿಗೆ ಹೇಳಿದೆ. ಅದಕ್ಕೂ ಮೊದಲು ಯಾರಿಗೂ ಹೇಳಿರಲಿಲ್ಲ.

ತೊಂಬತ್ತಾರರಲ್ಲಿ ನಿನ್ನ ಭಾವ ಹೋದಾಗ ನೀವೆಲ್ಲ ಬಂದು, ಹರಿ ಇಚ್ಛೆ, ಅಳಬಾರದು, ಗಟ್ಟಿಯಾಗು ಎಂದಿರಿ. ನಾನೂ ಗಟ್ಟಿಯಾಗಿಯೇ ಕೂತಿದ್ದೆ. ಹೀರಾ ಬಂದು ಕೊರಳಿಗೆ ಬಿದ್ದಳು. ಅವರ ಹೆಂಗಸರಲ್ಲಿ ಅದು ಪದ್ಧತಿ. ಬಹಳ ದಿನದ ಮೇಲೆ ಭೇಟಿಯಾದರೂ ಅಷ್ಟೇ, ಸಾವಾದರೂ ಅಷ್ಟೇ, ಕೊರಳು ತಬ್ಬಿ ರಾಗದಲ್ಲಿ ಅಳುತ್ತಾರೆ. ಇದ್ದ ಸುಖದುಃಖವನ್ನೆಲ್ಲ ಆ ಅಳುವಿನಲ್ಲೇ ಹೇಳುತ್ತಾರೆ. ಎದುರಿಗಿದ್ದವಳು ತಾನೂ ಹಾಗೆಯೇ ಅತ್ತು ಉತ್ತರ ಕೊಡಬೇಕು. ಅವಳ ಮಾತು ಒಂದೂ ತಿಳಿಯಲಿಲ್ಲ, ಆದರೆ ಆ ರಾಗಕ್ಕೆ ನನ್ನೊಳಗಿನದೆಲ್ಲ ಕಿತ್ತು ಬಂತು. ಹದಿನೈದು ದಿನ ಕಳೆದ ಮೇಲೆ ಕೇಳಿದೆ, "ಏನಂತ ಅತ್ತಿ ಹೀರಾ?" ಎಂದು. ಕನ್ನಡದಲ್ಲಿ ಬಿಡಿಸಿ ಹೇಳಿದಳು: "ಎಣ್ಣಿ ಹಚ್ಚಿದ ಸೈಕಲ್ ಗ್ವಾಡಿಗಿ ನಿಂತದ, ಏರಾಂವ ಎಲ್ಲಿ ಹೋದ? ಮಾತಾಡದಾಂವ ಮಾತಾಡದೇ ಹೋದ, ನಮ್ಮಕ್ಕ ಇನ್ನ ಯಾರ್ ಮ್ಯಾಲ ಸಿಟ್ಟು ಮಾಡ್ಲಿ, ಅಂದೆ." ನಮ್ಮ ಇಡೀ ಸಂಸಾರ ಅಷ್ಟರಲ್ಲೇ ಬಂದಿತ್ತು.

ಹೀಗೆ ನಮ್ಮ ಸ್ನೇಹವೆಂದರೆ ಮಾತು. ನಾವು ಕೂಡಿ ಯಾತ್ರೆಗೆ ಹೋದವರಲ್ಲ, ಒಬ್ಬರಿಗೊಬ್ಬರು ಆಭರಣ ಕೊಟ್ಟವರಲ್ಲ. ಮುಂಜಾನೆ ಒಂದಿಷ್ಟು, ಸಂಜೆ ಒಂದಿಷ್ಟು ಮಾತು. ಏಕಾದಶಿ ದಿನ "ಇವತ್ತು ನಿನ್ನ ದೇವ್ರಿಗೂ ಉಪವಾಸೇನು?" ಎಂದು ಕಾಡುತ್ತಿದ್ದಳು. ೨೦೦೧ರಲ್ಲಿ ನನಗೆ ಸೇಡಮ್ಮಿಗೆ ವರ್ಗವಾದ ಮೇಲೂ ತಿಂಗಳಿಗೆ ಎರಡು ಸಲವಾದರೂ ಬಸ್ಸು ಹತ್ತಿ ಬರುತ್ತಿದ್ದಳು. ಬರಿಗೈಯಲ್ಲಿ ಬಂದು ಹೊಟ್ಟೆ ತುಂಬ ಮಾತಾಡಿ ಹೋಗುತ್ತಿದ್ದಳು.

ಹೋದ ಸೆಪ್ಟೆಂಬರಿನಲ್ಲಿ ಅವಳಿಗೆ ಲಕ್ವಾ ಹೊಡೆಯಿತು. ಶಾಲೆಯಲ್ಲೇ, ಪಾಠ ಮಾಡುತ್ತ ನಿಂತಲ್ಲೇ ಬಿದ್ದಳಂತೆ. ಅವಳ ತಮ್ಮ ಥಾವರು ಗುಲಬರ್ಗಾದ ಆಸ್ಪತ್ರೆಗೆ ಸೇರಿಸಿದ್ದ. ನನಗೆ ಸುದ್ದಿ ಮುಟ್ಟಿ ಹೋಗುವಷ್ಟರಲ್ಲಿ ಜೀವಕ್ಕೆ ಅಪಾಯ ಇಲ್ಲ ಎಂದಿದ್ದರು. ಬಲಗೈ, ಬಲಗಾಲು ಹೋಗಿದ್ದವು.

"ಹೀರಾ, ನಾ ಜಾನಕ್ಕ" ಎಂದೆ.

ಅವಳು ನನ್ನ ತುಟಿಗಳನ್ನೇ ನೋಡಿದಳು. ಏನೋ ಅಂದಳು. ತೊದಲು ಮಾತು, ಅದೂ ಲಂಬಾಣಿ. ಮತ್ತೆ ಕನ್ನಡದಲ್ಲಿ ಕೇಳಿದೆ. ಮತ್ತೆ ತುಟಿ ನೋಡಿದಳು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು: ಮಿದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟಾಗಿದೆ, ಆಮೇಲೆ ಕಲಿತ ಭಾಷೆ ಹೋಗಿದೆ, ತಾಯಿಯಿಂದ ಬಂದದ್ದು ಅಷ್ಟಿಷ್ಟು ಉಳಿದಿದೆ. ಕೆಲವರಿಗೆ ತಿರುಗಿ ಬರುತ್ತದೆ, ಕೆಲವರಿಗೆ ಇಲ್ಲ.

ಒಳಗೆ ಬಂದಾಗ ಅವಳು ಎಡಗೈಯಿಂದ ನನ್ನ ಕೊರಳು ಹಿಡಿದು ಎಳೆದುಕೊಂಡು ಅತ್ತಳು. ಅದೇ ರಾಗ. ಬಹಳ ಹೊತ್ತು ಏನೇನೋ ಹೇಳಿದಳು. ನನ್ನಿಂದ ಉತ್ತರ ಕಾಯುವವಳ ಹಾಗೆ ನಡುನಡುವೆ ನಿಲ್ಲಿಸುತ್ತಿದ್ದಳು. ನಾನು ಏನು ಕೊಡಲಿ ಶ್ರೀವಾಣಿ? ಹದಿನೆಂಟು ವರ್ಷ ಅವಳ ಜೊತೆ ಆಡಿದ್ದೆಲ್ಲ ನನ್ನ ಭಾಷೆಯಲ್ಲಿ. ಅವಳ ಭಾಷೆಯಲ್ಲಿ ನನಗೆ ನೀರಿಗೆ ಪಾಣಿ, ರೊಟ್ಟಿಗೆ ಬಾಟಿ, ತಾಯಿಗೆ ಯಾಡಿ ಎಂದು ಗೊತ್ತಿತ್ತು. "ಹಾಂ, ಹೀರಾ, ಹಾಂ" ಎನ್ನುತ್ತ ಕೂತೆ. ನರ್ಸು ಬಂದು, "ಬಂದವರ ಕೊರಳಿಗೆಲ್ಲ ಹಿಂಗೇ ಬೀಳ್ಲಿಕತ್ತಾರ್ರಿ, ಮುಂಜಾನಿ ಡಾಕ್ಟರ್‌ಗೂ ಬಿಟ್ಟಿಲ್ಲ" ಎಂದು ಅವಳ ಕೈ ಬಿಡಿಸಿದಳು. ಆ ಮಾತನ್ನು ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ದೀಪಾವಳಿಯ ಮುಂದೆ ಅವಳನ್ನು ತಾಂಡಾಕ್ಕೆ ಕರೆದೊಯ್ದರು. ನಾನು ಶನಿವಾರ ಮಧ್ಯಾಹ್ನ ಸೇಡಂ ಬಿಟ್ಟರೆ ಚಿಂಚೋಳಿಗೆ ಬಂದು, ಅಲ್ಲಿಂದ ಸಿಕ್ಕ ಗಾಡಿ ಹಿಡಿದು ಹೋಗಿ ಸೇರುತ್ತಿದ್ದೆ. ಆಮೇಲೆ ತೊಗರಿ ಕೊಯ್ಲು ಬಂತು. ಥಾವರು, ಅವನ ಹೆಂಡತಿ, ಮಗ ಎಲ್ಲ ಹೊಲಕ್ಕೆ ಹೋದರೆ ಮನೆಯಲ್ಲಿ ಉಳಿಯುವವಳು ಅವನ ಸೊಸೆ ಜಮಲೀಬಾಯಿ ಒಬ್ಬಳೇ, ಅವಳೂ ಬಸುರಿ. ನಾನು ಉಳಿದ ರಜೆಯೆಲ್ಲ ಬರೆದುಕೊಟ್ಟು ತಾಂಡಾದಲ್ಲೇ ಉಳಿದೆ. ಅವರ ಮನೆಯ ರೊಟ್ಟಿ ತಿಂದೆ, ಅವರ ಕೊಡದ ನೀರು ಕುಡಿದೆ. ಅವ್ವ ಇದ್ದಿದ್ದರೆ ಏನನ್ನುತ್ತಿದ್ದಳೋ. ನನಗೆ ಆಗ ಅದು ದೊಡ್ಡದೆನಿಸಲಿಲ್ಲ.

ಹೀರಾಳ ತೊದಲು ತಾಂಡಾದವರಿಗೂ ಪೂರ್ತಿ ತಿಳಿಯುತ್ತಿರಲಿಲ್ಲ. ಜಮಲಿಗೆ ಒಬ್ಬಳಿಗೆ ತಿಳಿಯುತ್ತಿತ್ತು. ಜಮಲಿ ನಾಲ್ಕನೆಯ ಇಯತ್ತೆ ಓದಿದ ಹುಡುಗಿ, ಕನ್ನಡ ಚೆನ್ನಾಗಿ ಬರುತ್ತದೆ. ಹೀರಾ ಏನಾದರೂ ಅಂದರೆ ನಾನು ಜಮಲಿಯ ಮುಖ ನೋಡುತ್ತಿದ್ದೆ.

"ಊಟ ಮಾಡೀರೇನು ಅಂತ ಕೇಳಾಕತ್ತಾಳ್ರಿ."

"ಜಾನಕ್ಕ ಭಾಳ ಸೊರಗ್ಯಾಳ ಅನಾಕತ್ತಾಳ್ರಿ."

ನಾನು ಹೇಳಿದ್ದನ್ನು ಅವಳು ಲಂಬಾಣಿಯಲ್ಲಿ ಹೇಳುತ್ತಿದ್ದಳು. ಎಲ್ಲ ಸರಿಯಾಗಿಯೇ ನಡೆದಿತ್ತು, ಆದರೆ ಅದು ನಮ್ಮ ಮಾತಾಗಿರಲಿಲ್ಲ. ಹೀರಾ ಯಾವತ್ತು ಹೀಗೆ ಸಾದಾ ಮಾತಾಡಿದ್ದಳು? ಊಟ ಆಯಿತೇ, ಸೊರಗಿದ್ದೀಯಾ ಎಂದು ಊರಿನ ಯಾರಾದರೂ ಕೇಳುತ್ತಾರೆ. ಒಂದು ದಿನ ಧೈರ್ಯ ಮಾಡಿ, "ನನ್ನ ಕೂಸಿನ ಹೆಸರು ನೆನಪದ ಏನು ಕೇಳು" ಎಂದೆ. ಜಮಲಿ ಗಾಬರಿಯಿಂದ ನನ್ನನ್ನು ನೋಡಿದಳು. ಅಂಥ ಮಾತನ್ನು ಇನ್ನೊಬ್ಬರ ಬಾಯಲ್ಲಿ ಇಟ್ಟು ಕಳಿಸಲಿಕ್ಕಾಗುತ್ತದೆಯೇ? "ಬ್ಯಾಡ ಬಿಡು" ಎಂದೆ.

ನಾನೂ ಕಲಿಯಲು ನೋಡಿದೆ. ಈ ವಯಸ್ಸಿಗೆ ಎಷ್ಟು ಬಂದೀತು? "ಪಾಣಿ ಪೀ" ಎಂದು ಲೋಟ ಹಿಡಿದರೆ ಅವಳು ನನ್ನ ತುಟಿ ನೋಡುತ್ತಿದ್ದಳು, ಕುಡಿಯುತ್ತಿರಲಿಲ್ಲ. ಜಮಲಿ ಹಿಡಿದರೆ ಕುಡಿಯುತ್ತಿದ್ದಳು. ನಾನು ಮಂಚದ ಹತ್ತಿರ ಕೂತು ಮಾತಿಗೆ ಶುರುಮಾಡಿದರೆ ಗೋಡೆಯ ಕಡೆ ತಿರುಗುತ್ತಿದ್ದಳು. "ಬೆಳಕಿಗಿ ಕಣ್ಣು ನೋಯ್ತಾವಂತ್ರಿ" ಎನ್ನುತ್ತಿದ್ದಳು ಜಮಲಿ. ನಾನು ಎದ್ದು ಬಾಗಿಲು ಮುಂದೆ ಮಾಡುತ್ತಿದ್ದೆ. ಕತ್ತಲಲ್ಲಿ ಕೂತು ಚಿಂಚೋಳಿಯ ಮಾತು, ಶಾಲೆಯ ಮಾತು, ಅವಳು ನಗುತ್ತಿದ್ದ ಮಾತನ್ನೆಲ್ಲ ಕನ್ನಡದಲ್ಲೇ ಹೇಳುತ್ತಿದ್ದೆ. ಒಂದಾದರೂ ಎಲ್ಲಿಯಾದರೂ ತಾಗಿ, "ಹೌದಲ್ಲ ಜಾನಕ್ಕ" ಎಂದಾಳು ಎನ್ನುವ ಆಸೆ.

ಪ್ರಮಿತಾಳ ಮದುವೆಗೆ ಹೊರಡುವುದು ನಿಶ್ಚಯವೇ ಇತ್ತು. ಅವಳಿಗೆಂದು ತೆಗೆದ ಇಳಕಲ್ ಸೀರೆ ಚೀಲದಲ್ಲಿತ್ತು. ಸೇಡಮ್ಮಿಗೆ ಬಂದು, ವಾಡಿಯಲ್ಲಿ ರೈಲು ಹಿಡಿದರೆ ಲಗ್ನದ ಮುಂಚಿನ ದೇವರ ಊಟದ ಹೊತ್ತಿಗೆ ರಾಯಚೂರಿನ ನಿಮ್ಮ ಮನೆ ಮುಟ್ಟುತ್ತಿದ್ದೆ. ಜಮಲಿಗೆ, "ನನ್ನ ತಂಗಿ ಮಗಳ ಲಗ್ನ ಅದ, ನಾಲ್ಕು ದಿನಕ್ಕ ಬರತೀನಂತ ಹೇಳು" ಎಂದು ಚೀಲ ಹಿಡಿದು ಮಂಚದ ಹತ್ತಿರ ನಿಂತೆ. ಜಮಲಿ ಹೇಳಿದಳು. ಹೀರಾ ಕಣ್ಣು ಮುಚ್ಚಿದ್ದವಳು ತೆರೆದು, ನನ್ನನ್ನು ನೋಡದೆ ಏನೋ ಅಂದಳು.

"ಏನಂತಾಳ ಜಮಲಿ? ಹೋಗ್ಲೇನು?"

ಜಮಲಿ ನನ್ನ ಮುಖವನ್ನೂ ಕೈಯಲ್ಲಿದ್ದ ಚೀಲವನ್ನೂ ನೋಡಿದಳು. ಆಮೇಲೆ, "ಜಾನಕ್ಕ ಹೋಗಬ್ಯಾಡ ಅನಾಕತ್ತಾಳ್ರಿ" ಎಂದಳು.

ಲಕ್ವಾ ಹೊಡೆದ ಮೇಲೆ ಅವಳು ನನ್ನಿಂದ ಏನನ್ನೂ ಬೇಡಿರಲಿಲ್ಲ. ಇದೇ ಮೊದಲು. ನಾನು ಚೀಲ ಕೆಳಗಿಟ್ಟೆ. ನಿನ್ನ ಮನೆಯಲ್ಲಿ ಹತ್ತು ಜನ ಇದ್ದಾರೆ, ಇವಳಿಗೆ ನಾನೊಬ್ಬಳು ಎನಿಸಿತು. ಪ್ರಮಿತಾಳ ಅಕ್ಷತೆಯ ಹೊತ್ತಿಗೆ ತಾಂಡಾದ ಅಂಗಳದಲ್ಲಿ ನಿಂತು, ತೆಂಕಣಕ್ಕೆ ಮುಖ ಮಾಡಿ ಕೈಯೆತ್ತಿ ಹರಸಿದೆ. ನೀನು ನಂಬು, ಬಿಡು.

ಜನವರಿಗೆ ರಜೆ ಮುಗಿದು ಸೇಡಮ್ಮಿಗೆ ಬಂದೆ. ಬಂದು ವಾರವಾಗಿರಲಿಲ್ಲ, ಥಾವರು ಶಾಲೆಗೆ ಫೋನ್ ಮಾಡಿಸಿದ. ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ತಾಂಡಾದ ಹೆಂಗಸರು ಒಬ್ಬರ ಕೊರಳಿಗೊಬ್ಬರು ಬಿದ್ದು ಅಳುತ್ತಿದ್ದರು. ನನ್ನನ್ನು ಕಂಡು ಒಬ್ಬ ಮುದುಕಿ ಎದ್ದು ಬಂದು ಕೈ ಚಾಚಿದಳು. ಆಮೇಲೆ ಯಾಕೋ, ಇವಳಿಗೆ ಏನು ಬರುತ್ತದೆ ಎನಿಸಿತೋ ಏನೋ, ಕೈಮುಗಿದು, "ಕುಂದ್ರಿ ಟೀಚರ್, ಕುಂದ್ರಿ" ಎಂದು ಒಂದು ಕುರ್ಚಿ ತರಿಸಿ ಹಾಕಿದಳು. ಎಲ್ಲರೂ ನೆಲದ ಮೇಲೆ. ನಾನೊಬ್ಬಳೇ ಕುರ್ಚಿಯ ಮೇಲೆ ಕೂತಿದ್ದೆ.

ಇಷ್ಟೇ ಶ್ರೀವಾಣಿ. ನಿನಗಿಂತ ಅವಳು ಹೆಚ್ಚೇ ಎಂದು ಕೇಳಿದ್ದೀಯಲ್ಲ, ಅಳೆದು ಹೇಳಲು ನನಗೆ ಬರುವುದಿಲ್ಲ. ನನ್ನ ದನಿ ಕೇಳಿದರೆ ನನಗೇ ಬೇಸರವಾಗುವಂತಾಗಿದೆ. ಶಾಲೆಯಲ್ಲಿ ಪಾಠಕ್ಕೆ ಬೇಕಾದಷ್ಟು ಮಾತಾಡಿ ಬರುತ್ತೇನೆ. ಮನೆಯಲ್ಲಿ ಸ್ತೋತ್ರವನ್ನೂ ಬಾಯಿಬಿಟ್ಟು ಹೇಳುವುದಿಲ್ಲ. ನಿವೃತ್ತಿಗೆ ಇನ್ನೂ ಸಮಯವಿದೆ. ಆಮೇಲೆ ಎಲ್ಲಿ ಇರಬೇಕು, ಯಾರ ಹತ್ತಿರ ಇರಬೇಕು ಎಂದು ಯೋಚಿಸುವ ಮನಸ್ಸೂ ಇಲ್ಲ. ನೀನು ಬಾ ಅಂದರೂ ಬರಲಾರೆನೇನೋ. ಸಿಟ್ಟು ಇಟ್ಟುಕೋ, ಆದರೆ ಕಾಗದ ಬಿಡಬೇಡ.

ಪ್ರಮಿತಾಳ ಸೀರೆಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಅವಳ ಕುಂಕುಮ ಗಟ್ಟಿಯಾಗಿರಲಿ, ಗಂಡಹೆಂಡಿರು ಒಬ್ಬರೊಡನೊಬ್ಬರು ಮಾತಾಡಿಕೊಂಡಿರಲಿ. ನಿನ್ನ ಮನೆ ತುಂಬಿರಲಿ.

ನಿನ್ನ ಅಕ್ಕ
ಜಾನಕಿ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಚ್ಚಿದ್ದೇನೆ. ಒಂದನ್ನು ಬರೆಯದೆ ಬಿಟ್ಟಿದ್ದೆ.

ಹೀರಾಳ ದಿನ ಮಾಡಿದ ಮೇಲೆ ಜಮಲಿ ನನ್ನನ್ನು ಬಸ್ಸಿಗೆ ಬಿಡಲು ಬಂದಿದ್ದಳು. ದಾರಿಯಲ್ಲಿ ನಿಂತು, "ಟೀಚರ್, ನಾ ನಿಮಗ ಸುಳ್ಳ ಹೇಳೀನ್ರಿ" ಎಂದು ಅತ್ತಳು. ಹೀರಾ ಊಟ ಮಾಡಿದ್ದೀಯಾ ಎಂದು ಕೇಳಿರಲಿಲ್ಲ, ಸೊರಗಿದ್ದೀ ಎಂದೂ ಅಂದಿರಲಿಲ್ಲ. ತಾಂಡಾದ ಹೊರಗಿನವರಿಗೆ ಅವರು ಕೋರ್ ಎನ್ನುತ್ತಾರೆ. "ಈ ಕೋರ್ ಹೆಂಗಸು ಯಾರು? ಯಾಕ ದಿನಾ ಬಂದು ಕುಂದರ್ತಾಳ? ಆಕಿ ಬಾಯಿ ತಗದ್ರ ನಂಗ ಅಂಜಿಕಿ ಬರ್ತದ, ಆಕೀಗಿ ಕಳಸ್ರಿ" ಎಂದು ದಿನವೂ ಬೇಡಿಕೊಳ್ಳುತ್ತಿದ್ದಳಂತೆ. ನಾನು ಚೀಲ ಹಿಡಿದು ನಿಂತ ದಿನ ಅವಳು ಅಂದದ್ದು, "ಹೋಗ್ತಾಳೇನು? ಬಾಗಿಲ ಹಾಕ್ಕೊ" ಎಂದು.

"ಅಷ್ಟು ದೂರಿಂದ ಬಂದು ಕುಂತಿದ್ರಿ. ಹೋಗಬ್ಯಾಡ ಅಂತಾಳೇನೋ ಅಂತ ಕಾಯಾಕತ್ತಿದ್ರಿ. ನಿಮ್ ಮಾರಿ ನೋಡಿ ಖರೇದು ಹೇಳಾಕ ಬಾಯಿ ಬರಲಿಲ್ರಿ" ಎಂದಳು ಜಮಲಿ. ಒಳ್ಳೆಯ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅದು ರೋಗ ಆಡಿಸಿದ ಮಾತು ಎಂದು ಅವಳೇ ಸಮಾಧಾನವನ್ನೂ ಹೇಳಿದಳು. ಇರಬಹುದು. ನಾನು ಎರಡು ತಿಂಗಳು ಕತ್ತಲಲ್ಲಿ ಕೂತು ಅವಳನ್ನು ಹೆದರಿಸಿದೆ ಶ್ರೀವಾಣಿ.

ಪ್ರಮಿತಾಗೆ ಇದನ್ನು ಹೇಳಬೇಡ. ಹೋಗಬೇಡ ಎಂದು ಬೇಡಿಕೊಂಡವರ ಹತ್ತಿರ ದೊಡ್ಡಮ್ಮ ಉಳಿದಿದ್ದಳು ಎಂದೇ ಅವಳು ತಿಳಿದಿರಲಿ.